ಹಲಸಿನ ಕೊಂಬೆ

"ಹಲಸು ಬಿದ್ದು ವರ್ಷವರ್ಷ ನಿಮ್ಮ ಹಂಚೇ ಒಡೀತಿದೆ, ಆದ್ರೂ ಹಣ್ಣಿನ ಆಸೆ ಬಿಟ್ಟಿಲ್ವಲ್ಲ ಚಂಪಕ್ಕ!" ಕಾಂಪೌಂಡಿನಾಚೆ ನಿಂತಿದ್ದ ನೆರೆಮನೆಯಾಕೆಯ ಮೇಲೆ ಬೋಜಪ್ಪ ಹರಿಹಾಯ್ದ. "ನಿಮ್ಮ ಹಂಚಿನ ಮೇಲಿಂದ ನನ್ನ ಅಂಗಳಕ್ಕೆ ಚಾಚಿರೋ ಆ ಕೊಂಬೆ ಕಡಿಸಿ. ನನ್ನ ಗಿಡಕ್ಕೆ ಚೂರೂ ಬಿಸಿಲಿಲ್ಲ."

ಗಿಡವೆಂದರೆ, ತೀರಿಹೋದ ಹೆಂಡತಿ ಸರಸು ನೆಟ್ಟಿದ್ದ ಪುಟ್ಟ ಪಾಮ್. ಗೊಬ್ಬರ ಹಾಕಿ ಹಾಕಿ ಅವನಿಗೆ ಸಾಕಾಗಿತ್ತು, ಅದು ಮಾತ್ರ ಮೊಣಕಾಲು ದಾಟಿರಲಿಲ್ಲ.

"ಅದು ದಟ್ಟ ಕಾಡಲ್ಲಿ ದೊಡ್ಡ ಮರದಡಿ ಬೆಳೆಯೋ ಜಾತಿ, ಬೋಜಣ್ಣ. ನಿಧಾನಕ್ಕೇ ಬೆಳೆಯೋದು."

"ಕಥೆ ಕಟ್ಟಬೇಡಿ. ಕಡಿಸ್ತೀರೋ, ಪಂಚಾಯ್ತಿಗೆ ದೂರು ಕೊಡ್ಲೋ?"

ಮರುದಿನ ಕೊಂಬೆ ಉರುಳಿತು. ಬೋಜಪ್ಪ ಮೀಸೆ ತಿರುವಿದ. ವಾರ ಕಳೆಯುವುದರೊಳಗೆ ಸುಡುಬಿಸಿಲಿಗೆ ಪಾಮಿನ ಗರಿಗಳೆಲ್ಲ ಕಂದಿ, ಸುಳಿಯೂ ಒಣಗಿತು. ಸಿಟ್ಟನ್ನು ಯಾರ ಮೇಲೆ ತೀರಿಸಬೇಕೆಂದು ತಿಳಿಯದೆ ಅವನು ನೀರಿನ ಕೊಡವನ್ನು ಒದ್ದ.

ಸದ್ದು ಕೇಳಿ ಬಂದ ಚಂಪಕ್ಕ ಒಣಗಿದ ಸುಳಿಯನ್ನು ಮುಟ್ಟಿ ನೋಡಿದಳು.

"'ನನ್ನ ಗಿಡಕ್ಕೆ ನೆರಳು ಬೇಕು, ಕೊಂಬೆ ಕಡಿಸಬೇಡಕ್ಕ' ಅಂತ ಸರಸು ಆಸ್ಪತ್ರೆಯಲ್ಲಿ ನನ್ನ ಕೈ ಹಿಡ್ಕೊಂಡು ಕೇಳಿದ್ಲು. ಅದಕ್ಕೇ ಹಂಚು ಒಡೆದ್ರೂ ಸುಮ್ಮನಿದ್ದೆ. ಅವತ್ತು ಹೇಳಿದ್ರೆ ಇದನ್ನೂ ಕಥೆ ಅಂತಿದ್ರಿ," ಎಂದು ಗೇಟು ದಾಟಿ ಹೋದವಳು ಮತ್ತೆಂದೂ ಆ ಅಂಗಳಕ್ಕೆ ಕಾಲಿಡಲಿಲ್ಲ.