ಮುಂದೆ ನಡೆದವರು

“ನೀವು ಮುಂದೆ ನಡೀರಿ, ಮೇಷ್ಟ್ರೇ. ನಾನು ಹಿಂದೆ ಇರ್ತೀನಿ.”

ಭಾವನ ಬಾಯಿಂದ ಆ ಮಾತು ಬಂದದ್ದೇ ತಡ, ಮೇಷ್ಟ್ರ ಎದೆ ಧಸಕ್ಕೆಂದಿತು. ಜನರನ್ನು ಈ ಬೆಟ್ಟ ಹತ್ತಿಸಿ ಇಳಿಸುವುದೇ ಇಪ್ಪತ್ತು ವರ್ಷದಿಂದ ಭಾವನ ಕಸುಬು. ಮೇಷ್ಟ್ರೋ, ಭೂಗೋಳ ಪಾಠ ಮಾಡುವವರು. ಬೆಟ್ಟವನ್ನು ಸೀಮೆಸುಣ್ಣದಲ್ಲಿ ಬರೆದಿದ್ದರೇ ಹೊರತು ಹತ್ತಿ ಪಳಗಿದವರಲ್ಲ. ಅಂಥವರನ್ನು ಮುಂದೆ ಬಿಟ್ಟು ಹಿಂದೆ ಬರುತ್ತಾನೆಂದರೆ ಏನರ್ಥ?

ಅರ್ಥ ಅವರಿಗೆ ಹೊಳೆಯದೆ ಇರಲಿಲ್ಲ. ಬೆಟ್ಟದ ಮೇಲಿನ ಭಾವನ ಮನೆಗೆ ಅವರು ಹಿಂದಿನ ದಿನ ಬಂದದ್ದೇ ಹೆಂಡತಿಯಿಂದ ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು. ಅವಳು ತುಟಿ ಪಿಟಕ್ಕೆನ್ನದೆ ಸಹಿ ಹಾಕಿದಳು. ಅವಳಣ್ಣನೂ ಏನೂ ಅನ್ನಲಿಲ್ಲ. ಬೆಳಗ್ಗೆ ಮಾತ್ರ, “ಕೆಳಗಿನ ರಸ್ತೆವರೆಗೂ ನಾನೇ ಬಿಟ್ಟು ಬರ್ತೀನಿ,” ಎಂದು ಹೊರಟ.

ಅರ್ಧ ದಾರಿಯಲ್ಲಿ ಗುಡ್ಡ ಕುಸಿಯಿತು. ಮುಂದಿನ ಕಾಲುದಾರಿಯೂ ಹೋಯಿತು, ಹಿಂದಿನದೂ ಹೋಯಿತು. ಒಂದು ಕಲ್ಲು ಭಾವನ ತಲೆಯ ಹಿಂಭಾಗಕ್ಕೆ ಬಡಿದು ಅವನು ಮುಗ್ಗರಿಸಿ ಬಿದ್ದ. ಎದ್ದು ಟವೆಲ್ ಬಿಗಿದುಕೊಂಡ. ಬಹಳ ಹೊತ್ತು ಕೂತೇ ಇದ್ದ.

“ಇಲ್ಲೇ ಇದ್ರೆ ಯಾರಾದ್ರೂ ಬರಲ್ವಾ, ಭಾವ?”

“ಅವರು ಬರೋ ಹೊತ್ತಿಗೆ ನಾವು ಕಲ್ಲಿನಡಿ ಇರ್ತೀವಿ. ಬೆಟ್ಟದ ಏಣು ಹಿಡಿದು ಇಳೀಬೇಕು. ದಾರಿ ಅಂತ ಏನಿಲ್ಲ, ಎರಡೂ ಕಡೆ ಪ್ರಪಾತ. ಆದ್ರೆ ಅಲ್ಲಿನ ಒಂದೊಂದು ಬಂಡೆನೂ ನನಗೆ ಗೊತ್ತು.”

ಇಷ್ಟು ಹೇಳಿದವನು ಇಬ್ಬರ ಸೊಂಟಕ್ಕೂ ಒಂದೇ ಹಗ್ಗ ಬಿಗಿದು, ಮೇಷ್ಟ್ರನ್ನು ಮುಂದಕ್ಕೆ ದಬ್ಬಿದ್ದ.

ಏಣು ಕೊಡಲಿಯ ಬಾಯಿಯಂತೆ ಚಾಚಿಕೊಂಡಿತ್ತು. ಮೇಷ್ಟ್ರು ನಡೆಯಲಿಲ್ಲ, ತೆವಳಿದರು. ಮಂಡಿ ತರಚಿತು, ಉಗುರು ಕಿತ್ತುಬಂತು. ಬೆನ್ನಿನ ಚೀಲದ ಪಟ್ಟಿಯನ್ನು ಭಾವನ ಕೈ ಒಂದು ಗಳಿಗೆಯೂ ಬಿಡಲಿಲ್ಲ. ಒಂದು ಸಲ ನೂಕಿದರೆ ಸಾಕು.

“ಎಡಗಡೆ ಏನಿದೆ, ಮೇಷ್ಟ್ರೇ?”

“ಪ್ರಪಾತ.”

“ಎಷ್ಟು ದೂರದಲ್ಲಿ?”

“ಒಂದು ಮೊಳ.”

“ಬಲಗಡೆ?”

“ಅಲ್ಲೂ ಅದೇ! ನಿಮಗೆ ಕಾಣ್ತಿಲ್ವಾ?”

“ನಿಮ್ಮ ಬಾಯಿಂದ ಕೇಳ್ಬೇಕು.”

ಆಟ ಆಡಿಸುತ್ತಿದ್ದಾನೆ. ತಂಗಿಯ ಕಣ್ಣೀರಿನ ಲೆಕ್ಕವನ್ನು ಹೆಜ್ಜೆಹೆಜ್ಜೆಗೂ ತೀರಿಸಿಕೊಳ್ಳುತ್ತಿದ್ದಾನೆ.  ಅವರು ಮಾತು ನಿಲ್ಲಿಸಿದರೆ ಸಾಕು, ಹಿಂದಿನಿಂದ ಗದರಿಕೆ: “ಬಾಯಿ ಮುಚ್ಬೇಡಿ. ಕಲ್ಲು ಅಲುಗಾಡುತ್ತಾ, ಹಿಡಿತ ಎಲ್ಲಿದೆ, ಎಲ್ಲಾ ಹೇಳ್ತಾ ಇರಿ. ಮನೇಲಿ ಅಷ್ಟು ಮಾತಾಡ್ತಿದ್ರಂತಲ್ಲ!”

ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರ ಕಾಲಡಿಯ ಚಪ್ಪಡಿ ಕಿತ್ತುಬಂತು. ಕಿರುಚುವುದಕ್ಕೂ ಮೊದಲೇ ಅವರು ಗಾಳಿಯಲ್ಲಿದ್ದರು. ಚೀಲದ ಪಟ್ಟಿ ಭಾವನ ಕೈಯಿಂದ ಜಾರಿ, ಹಗ್ಗ ಸೊಂಟವನ್ನು ಕತ್ತರಿಸುವಂತೆ ಬಿಗಿಯಿತು. ಮೇಲೆ ಭಾವ ಬಂಡೆಗೆ ಎದೆಯೊತ್ತಿ ಮಲಗಿ, ಹಲ್ಲು ಕಚ್ಚಿ, ಗೇಣುಗೇಣಾಗಿ ಎಳೆದ. ಅಂಗೈ ಸುಲಿದು ಹಗ್ಗವೆಲ್ಲ ರಕ್ತವಾಯಿತು. ಅಷ್ಟು ಮಾಡಿದವನು ಒಮ್ಮೆಯೂ ಮೇಷ್ಟ್ರ ಮುಖ ನೋಡಲಿಲ್ಲ. ಎಲ್ಲೋ ಬೇರೆ ಕಡೆ ಮುಖ ತಿರುಗಿಸಿದ್ದ. ಅಷ್ಟು ಹೇಸಿಗೆಯೇ ನನ್ನ ಮೇಲೆ, ಅಂದುಕೊಂಡರು ಮೇಷ್ಟ್ರು.

“ಯಾಕೆ ಎಳೆದ್ರಿ? ಬಿಟ್ಟಿದ್ರೆ ಮುಗೀತಿತ್ತಲ್ಲ!” ಎಂದು ಅತ್ತೇಬಿಟ್ಟರು. “ಸಾಯಿಸೋಕೆ ತಾನೇ ನನ್ನ ಮುಂದೆ ಬಿಟ್ಟಿರೋದು?”

ಭಾವ ಏದುಸಿರು ಬಿಡುತ್ತ ಹಗ್ಗ ಸುತ್ತಿಕೊಂಡ. ಆಮೇಲೆ ಅಂದ: “ಇವತ್ತು ನೀವು ಸತ್ರೆ ನನಗೆ ಉಳಿಗಾಲ ಇಲ್ಲ, ಮೇಷ್ಟ್ರೇ. ಏಳಿ.”

ಕೊನೆಗೆ ಒಂದು ಸೀಳು ಅಡ್ಡ ಬಂತು. ಕೆಳಗೆ ಬರೀ ಮಂಜು.

“ಎಷ್ಟು ಅಗಲ?”

“ಎರಡು ಹೆಜ್ಜೆ.”

“ಹಾರಿ.”

ಮೇಷ್ಟ್ರು ಕಣ್ಣು ಮುಚ್ಚಿ ಹಾರಿದರು. ಆಚೆ ದಡದಲ್ಲಿ ಬೋರಲು ಬಿದ್ದು, ಬದುಕಿದ್ದೇನೆಂದು ಖಾತ್ರಿಯಾದ ಮೇಲೆ ಎದ್ದು ಕೂತರು. ಕೈ ಸೊಂಟದ ಗಂಟಿನ ಮೇಲೆ ಹೋಯಿತು. ಬಿಚ್ಚಿ ಓಡಿಬಿಟ್ಟರೆ? ಇಳಿಜಾರಿನ ಕೊನೆಯಲ್ಲಿ ಆರೋಗ್ಯ ಕೇಂದ್ರದ ತಗಡಿನ ಸೂರು ಆಗಲೇ ಕಾಣುತ್ತಿತ್ತು.

“ನಾನು ಎಲ್ಲಿ ಕಾಲಿಡ್ಲಿ, ಮೇಷ್ಟ್ರೇ?” ಆಚೆಯಿಂದ ಕೂಗು ಬಂತು. “ಸರಿಯಾಗಿ ಹೇಳಿ. ಒಂದು ಗೇಣೂ ತಪ್ಪಬಾರದು.”

ಇಪ್ಪತ್ತು ವರ್ಷದ ಅನುಭವಸ್ಥ ಕೇಳುವ ಪ್ರಶ್ನೆಯೇ ಇದು? ‘ಎಲ್ಲಾದ್ರೂ ಇಡ್ರೀ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಯಾಕೋ ಅದನ್ನು ನುಂಗಿಕೊಂಡರು. ತರಗತಿಯಲ್ಲಿ ದಡ್ಡ ಹುಡುಗರಿಗೆ ಹೇಳುವಷ್ಟೇ ಬಿಡಿಸಿ ಹೇಳಿದರು: “ನೇರಕ್ಕೆ ಬೇಡ, ಅದು ಜಾರುತ್ತೆ. ಅರ್ಧ ಹೆಜ್ಜೆ ಬಲಕ್ಕೆ. ಒಣ ಬಂಡೆ. ನನ್ನ ದನಿ ಬರ್ತಿರೋ ಕಡೆಗೇ ಹಾರಿ.”

ಭಾವ ಹಾರಿದ. ಹೇಳಿದ ಜಾಗಕ್ಕೇ ಬಿದ್ದ. ಮೇಷ್ಟ್ರ ಭುಜ ಹಿಡಿದು ನಿಂತ. ಹಿಡಿದ ಭುಜವನ್ನು ಕೆಳಗಿಳಿಯುವವರೆಗೂ ಬಿಡಲಿಲ್ಲ.

ಬಿಸಿಲು ಇಳಿಯುವ ಮುಂಚೆ ಇಬ್ಬರೂ ಆರೋಗ್ಯ ಕೇಂದ್ರದ ಬೆಂಚಿನ ಮೇಲಿದ್ದರು. ನರ್ಸ್ ಭಾವನ ತಲೆಯ ಟವೆಲ್ ಬಿಚ್ಚಿ ಗಾಯ ತೊಳೆಯುತ್ತಿದ್ದಳು. ಮೇಷ್ಟ್ರಿಗೆ ಧೈರ್ಯ ಮರಳಿತ್ತು, ಅದರ ಹಿಂದೆಯೇ ಸಿಟ್ಟೂ ಬಂದಿತ್ತು.

“ಈ ಮನುಷ್ಯನ್ನ ಕೇಳಿ, ಸಿಸ್ಟರ್! ಬೆಟ್ಟ ಇವರಿಗೆ ಅಂಗೈಯಷ್ಟು ಚೆನ್ನಾಗಿ ಗೊತ್ತು. ಆದ್ರೂ ಬೆಳಗ್ಗೆಯಿಂದ ನನ್ನ ಮುಂದೆ ಬಿಟ್ಟು, ಪ್ರಾಣ ತಿಂದ್ರು.”

 ನರ್ಸ್ ಭಾವನ ಮುಂದೆ ಬಗ್ಗಿ, ಅವನ ಮುಖವನ್ನೇ ದಿಟ್ಟಿಸುತ್ತಿದ್ದಳು. ತಟ್ಟನೆ ತನ್ನ ಕೈಯನ್ನು ಅವನ ಕಣ್ಣಿಗೆ ತಾಗುವಷ್ಟು ಹತ್ತಿರ ಬೀಸಿದಳು. ಅವನ ರೆಪ್ಪೆ ಅಲುಗಲಿಲ್ಲ.

“ಇದು ಎಷ್ಟು ಬೆರಳು, ಹೇಳಿ?” ಎಂದಳು ಮೆಲ್ಲಗೆ.

ಭಾವ ಮೇಷ್ಟ್ರ ದನಿ ಬಂದ ಕಡೆಗೆ ಮುಖ ತಿರುಗಿಸಿದ. “ಇದನ್ನೂ ನೀವೇ ಹೇಳ್ಬಿಡಿ, ಮೇಷ್ಟ್ರೇ.”