ಕುಬಾತನ ಕಾಲಿನ ದಾರ

ನರೀನ್ ಬೆಟ್ಟದಿಂದ ಬಸ್ಸು ಹತ್ತಿ ಬಂದ ಸೈರಾನ್, ಸೈನಿಕ ಆಸ್ಪತ್ರೆಯ ಕಾರಿಡಾರಿನಲ್ಲೇ ಮಂಡಿಯೂರಿ ಕೂತು ಮಗನ ಎರಡೂ ಕಾಲು ಸೇರಿಸಿ ಕಪ್ಪು ಬಿಳಿ ಹೊಸೆದ ಉಣ್ಣೆಯ ದಾರ ಕಟ್ಟುತ್ತಿದ್ದಳು. ಒಂದು ಕಾಲು ಅವಳು ಹೆತ್ತದ್ದು, ಇನ್ನೊಂದು ಕೃತಕ ಅಂಗ ಮಾಡುವ ಬುರುಲ್ ಕೊಟ್ಟದ್ದು.

"ಅವ್ವ, ಇದು ಎಳೆ ಮಕ್ಕಳಿಗೆ ಮಾಡೋದು. ನಂಗೆ ಇಪ್ಪತ್ತಾರು," ಎಂದ ಕುಬಾತ್. ಅವನು ಗೋಡೆಯ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದ.

"ಮೊದಲ ಹೆಜ್ಜೆ ಇಡೋರಿಗೆಲ್ಲ ಮಾಡೋದು. ಕಟ್ಟು ಕತ್ತರಿಸದೆ ಬಿಟ್ರೆ ಜೀವಮಾನವೆಲ್ಲ ಎಡವ್ತಾ ಇರ್ತೀಯ. ಸುಮ್ನೆ ನಿಂತ್ಕೋ."

ಗಡಿಯ ನೆಲಬಾಂಬು ಎಡಗಾಲನ್ನು ಒಯ್ದ ಮೇಲೆ ಅವನಿಗೆ ಮೊದಲು ಸಿಕ್ಕಿದ್ದು ಉಗ್ರಾಣದಲ್ಲಿದ್ದ ಸಿದ್ಧ ಕಾಲು. ಅದು ಹೊಸ ಚಪ್ಪಲಿಯ ಹಾಗೆ ಕಚ್ಚಿ, ಗಾಯ ಮತ್ತೆ ಬಾಯಿಬಿಟ್ಟಿತು. ನಾಲ್ಕು ತಿಂಗಳು ಹಾಸಿಗೆಯೇ ಗತಿಯಾಯಿತು. ಆಮೇಲೆ ಕೆಲಸಕ್ಕೆ ಬಂದ ಬುರುಲ್ ಒಬ್ಬೊಬ್ಬರ ಪಕ್ಕವೂ ಕೂತು ಎಲ್ಲಿ ನೋಯುತ್ತದೆ ಎಂದು ಕೇಳಿದಳು. ಕುಬಾತನ ಮೊಂಡುಗಾಲಿಗೆ ಐದು ಸಲ ಅಚ್ಚು ತೆಗೆದಳು. ಇದೂ ಕಚ್ಚಿದರೆ ಇನ್ನು ಏಳುವುದೇ ಇಲ್ಲ ಎಂದು ಅವನು ಹೇಳಿಬಿಟ್ಟಿದ್ದ.

ನಮ್ಮ ಕಿರ್ಗಿಜರಲ್ಲಿ ದಾರ ಕತ್ತರಿಸುವ ಹಕ್ಕು ಓಟದಲ್ಲಿ ಗೆದ್ದವರದು. ಕಾರಿಡಾರಿನ ತುದಿಯಲ್ಲಿ ವಾರ್ಡಿನ ಐವರು ಸಾಲಾಗಿ ಸಿದ್ಧರಾಗಿದ್ದರು: ಗಾಲಿಕುರ್ಚಿಯವರಿಬ್ಬರು, ಊರುಗೋಲಿನವರಿಬ್ಬರು, ಮತ್ತೆ ಬಲಗೈ ಕಳೆದುಕೊಂಡ ಜೋಲ್ಚು. ಸೈರಾನ್ ಕೈ ಬೀಸಿದ್ದೇ ತಡ, ಎದ್ದೆವೋ ಬಿದ್ದೆವೋ ಎಂದು ಎಲ್ಲರೂ ನುಗ್ಗಿದರು. ನರ್ಸು ಗೋಡೆಗೆ ಅಂಟಿಕೊಂಡಳು. ಜೋಲ್ಚು ಗೆದ್ದ.

"ಇದು ಮೋಸ. ಅವ್ನಿಗೆ ಎರಡು ಕಾಲಿದೆ," ಎಂದ ಗಾಲಿಕುರ್ಚಿಯವನೊಬ್ಬ.

"ನಿಂಗೆ ಎರಡು ಕೈ ಇದೆ. ನಾನೇನಾದ್ರೂ ಅಂದ್ನಾ?" ಎಂದ ಜೋಲ್ಚು, ಚಾಕುವಿಗಾಗಿ ಎಡಗೈ ಚಾಚಿದ.

ಸೈರಾನ್ ಚಾಕು ಕೊಡಲಿಲ್ಲ. "ಒಳ್ಳೇ ಕೆಲಸಾನ ಎಡಗೈಲಿ ಮಾಡ್ತಾರೇನಪ್ಪ?"

ಬುರುಲ್ ಮಾಡಿಕೊಟ್ಟ ಬಲಗೈಯನ್ನು ಜೋಲ್ಚು ಎರಡು ವಾರದಿಂದ ಜೇಬಿನಿಂದ ಹೊರತೆಗೆದಿರಲಿಲ್ಲ. ಈಗ ತೆಗೆದ. ಸೈರಾನ್ ಅದರ ಅಂಗೈಯಲ್ಲಿ ಚಾಕು ಇಟ್ಟಳು. ಬೆರಳುಗಳು ಮೆಲ್ಲಗೆ ಮಡಚಿಕೊಂಡವು, ಚಾಕು ಜಾರಿ ಬಿತ್ತು. ಎತ್ತಿಕೊಡಲು ಬಗ್ಗಿದ ನರ್ಸನ್ನು, ಪಕ್ಕದಲ್ಲೇ ನಿಂತು ನೋಡುತ್ತಿದ್ದ ಬುರುಲ್ ತಡೆದಳು.

"ಅವ್ನೇ ಎತ್ಕೊಳ್ಳಲಿ ಬಿಡಿ."

ಎತ್ತಿಕೊಂಡ. ದಾರ ತುಂಡಾಯಿತು. ಜೋಲ್ಚು ತನ್ನ ಕೈಯನ್ನೇ ನೋಡುತ್ತ ನಕ್ಕ. ಸೈರಾನ್ ಬಿರಬಿರನೆ ಹೋಗಿ ಹೊರಬಾಗಿಲ ಬಳಿ ನಿಂತಳು.

ಕುಬಾತ್ ಕಂಬಿ ಬಿಟ್ಟು ಒಂದು ಹೆಜ್ಜೆ ಇಟ್ಟ. ಕಚ್ಚಲಿಲ್ಲ. ಇನ್ನೊಂದು ಇಟ್ಟ. ಐವರೂ ಒಟ್ಟಿಗೆ ಹೆಜ್ಜೆ ಎಣಿಸತೊಡಗಿದರು. ಸಂತೋಷಕ್ಕೆ ಅವನಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಹತ್ತನೆಯ ಹೆಜ್ಜೆಗೆ ತಾಯಿಯ ಎದುರು ಬಂದು, ತಬ್ಬಿಕೊಳ್ಳಲು ತೋಳು ಚಾಚಿದ.

ಸೈರಾನ್ ಪಕ್ಕಕ್ಕೆ ಸರಿದಳು.

"ಅವತ್ತು ದಾರ ಕತ್ತರಿಸಿದಾಗ ನೀನು ಕೂಸು, ನನ್ನ ಹತ್ರ ಬಂದು ನಿಂತೆ. ಇವತ್ತು ಇಲ್ಲೇನು ಕೆಲಸ ನಿಂಗೆ? ನಡಿ," ಎಂದು ಬಾಗಿಲನ್ನು ತೆರೆದು ಹಿಡಿದಳು.