ಕೋರ್ಟಿನ ನೀರೋತಿಗೆ ಚಳಿ

ಎಲ್ಲ ತಾಲ್ಲೂಕು ಕೋರ್ಟುಗಳಂತೆ ಆ ಕೋರ್ಟಿಗೂ ಸರ್ಕಾರ ಒಂದು ನೀರೋತಿಯನ್ನು ಕೊಟ್ಟಿತ್ತು. ಎರಡು ಮೊಳ ಉದ್ದದ ಆ ಹಸಿರು ಓತಿ, ಎದುರಿಗೆ ಯಾರಾದರೂ ಸುಳ್ಳು ಹೇಳಿದರೆ ಕಪ್ಪಾಗುತ್ತಿತ್ತು. ಅದಕ್ಕೆ ಹುಳ ತಿನ್ನಿಸಿ, ತೊಟ್ಟಿಯ ನೀರು ಬದಲಿಸುವ ಕೆಲಸ ಅಟೆಂಡರ್ ಹುಲಿಗೆಮ್ಮಳದು.

ಅಂದು ಮುದುಕಿ ಬಾಳವ್ವ ಕಟಕಟೆಯಲ್ಲಿ ನಿಂತು, "ಆ ಎಮ್ಮಿ ನಂದೈತ್ರಿ ಸಾಹೇಬ್ರ" ಎಂದಳು. ಓತಿ ಕಪ್ಪಗಿತ್ತು. ಎಮ್ಮೆಯನ್ನು ತನ್ನ ಕೊಟ್ಟಿಗೆಯಲ್ಲಿ ಕಟ್ಟಿಕೊಂಡಿದ್ದ ವಿರುಪಣ್ಣ ಮೀಸೆ ತಿರುವಿದ. ನ್ಯಾಯಾಧೀಶರು ತೀರ್ಪು ಬರೆಯಲು ಪೆನ್ನು ತೆರೆದರು.

ಹುಲಿಗೆಮ್ಮಳಿಗೆ ತಡೆಯಲಾಗಲಿಲ್ಲ. "ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ, ಅದು ಮುಂಜಾನಿಂದ ಕಪ್ಪಗೇ ಐತಿ. ನಿಮ್ಮ ಹೊಸ ಏಸಿ ಗಾಳಿ ನೆಟ್ಟಗ ಅದರ ಮ್ಯಾಲೇ ಬರ್ತೈತಿ. ಈ ಚಳಿಗೆ ಅದಕ್ಕ ತಿಂದದ್ದೂ ಅರಗಂಗಿಲ್ಲ. ಬೇಕಾದ್ರ ನಿಮ್ಮ ಹೆಸರು ಹೇಳಿ ನೋಡ್ರಿ."

ನ್ಯಾಯಾಧೀಶರು ಗಂಟಲು ಸರಿಮಾಡಿಕೊಂಡು ತಮ್ಮ ಪೂರ್ತಿ ಹೆಸರು ಹೇಳಿದರು. ಓತಿ ಕಪ್ಪಗೇ ಇತ್ತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ಅದನ್ನ ಬಿಸಿಲಿಗೆ ಇಡಮ್ಮ" ಎಂದರು ನ್ಯಾಯಾಧೀಶರು.

ತೆರೆದ ಕಿಟಕಿಯ ಬಿಸಿಲಿನಲ್ಲಿ ಅರ್ಧ ಗಂಟೆ ಕೂತ ಓತಿ ಎಳೆ ಬಾಳೆಲೆಯಂತೆ ಹಸಿರಾಯಿತು. ಬಾಳವ್ವ ಮತ್ತೆ ಅದೇ ಮಾತು ಹೇಳಿದಳು. ಓತಿಯ ಬಣ್ಣ ಒಂದಿಷ್ಟೂ ಕದಲಲಿಲ್ಲ.

ವಿರುಪಣ್ಣ ದಡಬಡಿಸಿ ಎದ್ದು ಕೈಮುಗಿದ. "ಸಾಹೇಬ್ರ, ಮೂಕಪ್ರಾಣಿರೀ ಅದು. ಬಿಸಿಲಿಗೆ ಸಂಕಟ ಪಡಾಕತ್ತೈತಿ. ನನಗ ನೋಡಾಕ ಆಗವಲ್ದು, ಏಸಿ ಹತ್ರಾನೇ ಇಡಸ್ರಿ."

ಅವನ ಮಾತು ಮುಗಿಯುವ ಮೊದಲೇ ಓತಿ ಮೂಗಿನಿಂದ ಬಾಲದ ತುದಿಯವರೆಗೆ ಇದ್ದಿಲಿನಂತೆ ಕಪ್ಪಾಯಿತು. ಬಾಳವ್ವ ತೀರ್ಪಿಗೂ ಕಾಯದೆ, ಎಮ್ಮೆ ಹೊಡೆದುಕೊಂಡು ಬರಲು ಹೊರಟಳು.